ಕೆಮ್ಮಿ ಇಳಿಯಬೇಕಾದ ಮನೆ

ಕಾಕನ ಬಲಗೈಯ ತೋರುಬೆರಳು ಯಾವಾಗಲೂ ಅಂಟಂಟು. ಕೈ ಕೊಟ್ಟರೆ ನಮ್ಮ ಕೈಗೂ ಅಂಟುತ್ತಿತ್ತು. ಉಗುರಿನ ಸುತ್ತ ಒಂದು ಕಂದು ಬಣ್ಣ, ಸೋಪು ಹಾಕಿ ತಿಕ್ಕಿದರೂ ಹೋಗದ್ದು. ಬಹ್ರೈನಿನ ನೊಣಗಳು ಉಳಿದವರನ್ನೆಲ್ಲ ಬಿಟ್ಟು ಆ ಒಂದು ಬೆರಳನ್ನು ಹುಡುಕಿಕೊಂಡು ಬರುತ್ತಿದ್ದವು. ಕಾಕ ಅದನ್ನು ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡೇ ನಡೆಯುತ್ತಿದ್ದರು. ಅಂಗಿಗೆ ತಾಗಿದರೆ ಒಗೆಯುವವರು ಅವರೇ ತಾನೆ.

ಅದು ಖರ್ಜೂರದ ಪಾಕ. ಅದು ಯಾಕೆ ಬೆರಳಿಗೆ ಬಂತು ಅಂತ ಮುಂದೆ ಹೇಳುತ್ತೇನೆ.

ಕಾಕ ಕಡಲ ಬದಿಯ ಹಳೆ ಕೋಟೆಯ ನಾತೂರ್. ಇಲ್ಲಿ ಕಾವಲುಗಾರನನ್ನು ಹಾಗೆ ಕರೆಯುವುದು. ಕೋಟೆಯ ನಡುವೆ ಮಣ್ಣು ಅಗೆದಾಗ ನೆಲದ ಕೆಳಗೆ ನೂರಾರು ವರ್ಷ ಹಿಂದಿನ ಕೋಣೆಗಳು ಸಿಕ್ಕಿದ್ದವು. ಅದಕ್ಕೆ ಮೆಟ್ಟಿಲು ಕಟ್ಟಿ, ಮೇಲೆ ತಗಡು ಹೊದೆಸಿ, ಬಲ್ಬು ಹಾಕಿ, ಸಿಕ್ಕಿದ ದೀಪ, ಮಡಕೆ, ಪಿಂಗಾಣಿ ಚೂರುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಅಲ್ಲಿಯೇ ಇಟ್ಟು ಮ್ಯೂಸಿಯಂ ಮಾಡಿದ್ದರು. ತೋರಿಸುವವರನ್ನು ಮಾತ್ರ ಇಟ್ಟಿರಲಿಲ್ಲ. ಬಂದವರು ಬಾಗಿಲಲ್ಲಿದ್ದ ನಾತೂರನ್ನೇ ಕೇಳುತ್ತಿದ್ದರು. ಹಾಗೆ ಕೇಳಿ ಕೇಳಿ ಕಾಕ ಗೈಡ್ ಆದರು.

ನಾನು ಅಲ್ಲಿಗೆ ಹೋದದ್ದು ನೋಡುವುದಕ್ಕಲ್ಲ. ನನ್ನದು ಪೈಪಿನ ಕೆಲಸ, ಅಂದರೆ ಪೈಪಿಗೆ ಗುಂಡಿ ತೋಡುವ ಕೆಲಸ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬೇರೆ ಎಂತ ಸಿಗುತ್ತದೆ? ಮಳೆ ಬಂದರೆ ಮ್ಯೂಸಿಯಂಗೆ ನೀರು ಇಳಿಯುತ್ತದೆ ಅಂತ ಸುತ್ತ ಚರಂಡಿ ತೋಡಲು ನಮ್ಮ ಕಂಟ್ರಾಕ್ಟರ್ ನಮ್ಮನ್ನು ಕಳಿಸಿದ್ದ. ನಾನು ಹಾರೆ ಹಿಡಿದು ಬೈಯುತ್ತಿದ್ದದ್ದು ತುಳುವಿನಲ್ಲಿ. ಅದನ್ನು ಕೇಳಿ ಕಾಕ ಹತ್ತಿರ ಬಂದರು.

"ಮಂಗ್ಳೂರಾ?"

"ಹೌದು."

"ಊಟ ಆದ್ಮೇಲೆ ಬಾ. ಕೆಳಗೆ ತೋರಿಸ್ತೇನೆ."

"ನನಗೆ ಬೇಡ ಕಾಕ. ದಿನ ಇಡೀ ಗುಂಡಿಯಲ್ಲಿಯೇ ಇರುದು. ಇನ್ನೊಬ್ಬ ತೋಡಿದ ಗುಂಡಿ ನೋಡ್ಲಿಕ್ಕೆ ಎಂತ ಉಂಟು?"

ಅವರು ಕೋಪ ಮಾಡಲಿಲ್ಲ. "ಸರಿ ಮೋನೆ, ಬಿಸಿಲಿಗೇ ಕೂತ್ಕೊ," ಅಂದರು. ಅವರ ಬ್ಯಾರಿ ಮಾತಿನಲ್ಲಿ ಮೋನೆ ಅಂದರೆ ಮಗನೇ ಅಂತ. ಮೂರನೇ ದಿನ ನೆರಳು ಸಿಗುತ್ತದಲ್ಲ ಅಂತ ನಾನೇ ಹೋದೆ.

ಮೆಟ್ಟಿಲ ಹತ್ತಿರ ಅವರು ಚಪ್ಪಲಿ ಕಳಚಿದರು. ಆಮೇಲೆ ಕೆಮ್ಮಿದರು. ನಮ್ಮ ಕಡೆ ಬೇರೆಯವರ ಅಂಗಳಕ್ಕೆ ಹೋದರೆ ಗಂಡಸರು ಕೆಮ್ಮುವುದಿಲ್ಲವಾ, ಒಳಗೆ ಇದ್ದವರಿಗೆ ಗೊತ್ತಾಗಲಿ ಅಂತ, ಅದೇ ಕೆಮ್ಮು. ಸ್ವಲ್ಪ ಹೊತ್ತು ನಿಂತರು.

"ಎಂತ ಕಾಕ, ನೆಗಡಿಯಾ?"

"ಮನೆ ಅಲ್ವಾ ಮಾರಾಯ. ಒಳಗೆ ಹೆಂಗಸರು ಇದ್ರೆ?"

"ಸತ್ತು ನೂರಾರು ವರ್ಷ ಆಗಿದೆ!"

"ಅದು ನಿನಗೆ ಗೊತ್ತುಂಟು. ಅವರಿಗೆ ಗೊತ್ತುಂಟಾ?"

ತಮಾಷೆಗೆ ಹೇಳಿದರೋ ನಿಜಕ್ಕೋ ನನಗೆ ಗೊತ್ತಾಗಲಿಲ್ಲ. ಅವರ ಮುಖದಲ್ಲಿ ಎರಡೂ ಒಂದೇ ಹಾಗೆ ಕಾಣುತ್ತಿತ್ತು. ಆದರೆ ಯಾರು ಬಂದರೂ, ದೊಡ್ಡ ಸಾಹೇಬರು ಬಂದರೂ, ಕೆಮ್ಮದೆ ಅವರು ಇಳಿದದ್ದನ್ನು ನಾನು ನೋಡಿಲ್ಲ.

ಕೆಳಗೆ ತಂಪು. ಗೋಡೆ ಎಲ್ಲ ಕಲ್ಲು ಮತ್ತು ಗಾರೆ. ಕಾಕ ಇಸವಿ ಹೇಳುತ್ತಿರಲಿಲ್ಲ, ರಾಜರ ಹೆಸರು ಹೇಳುತ್ತಿರಲಿಲ್ಲ. ಅವರಿಗೆ ಗೊತ್ತಿರಲೂ ಇಲ್ಲ. ಇಲ್ಲಿ ಒಲೆ, ನೋಡು ಮಸಿ. ಇಲ್ಲಿ ಬಾವಿ. ಈ ಮೂಲೆಯಲ್ಲಿ ಗಾಳಿ ಬರುತ್ತದೆ, ಮುದುಕಿ ಇಲ್ಲಿಯೇ ಮಲಗುತ್ತಿದ್ದಳು. ಮುದುಕಿ ಇದ್ದಳು ಅಂತ ಯಾರು ಹೇಳಿದ್ದು ಅಂತ ಕೇಳಿದೆ. "ಮುದುಕಿ ಇಲ್ಲದ ಮನೆ ಉಂಟಾ?" ಅಂದರು. ಅರ್ಧ ಅವರೇ ಕಟ್ಟಿದ ಕತೆ. ಉರ್ದು, ಅರಬ್ಬಿ, ಅಲ್ಲಲ್ಲಿ ನಾಲ್ಕು ಇಂಗ್ಲಿಷ್, ಸಿಟ್ಟು ಬಂದರೆ ಬ್ಯಾರಿ. ಎಲ್ಲ ಸೇರಿಸಿ ಹೇಳುತ್ತಿದ್ದರು. ಜನ ತಲೆ ಆಡಿಸುತ್ತಿದ್ದರು.

ಕೊನೆಯದ್ದು ಪಾಕದ ಕೋಣೆ. ಅದರ ನೆಲ ನಮ್ಮ ಸಿಮೆಂಟ್ ಶೀಟಿನ ಹಾಗೆ ಏರು ತಗ್ಗು, ಏರು ತಗ್ಗು. ಅದರ ಮೇಲೆ ಖರ್ಜೂರದ ಚೀಲಗಳನ್ನು ಮಾಡಿನವರೆಗೆ ಒಟ್ಟುತ್ತಿದ್ದರಂತೆ. ಸೆಕೆಗೆ ಮತ್ತು ಚೀಲಗಳ ಭಾರಕ್ಕೆ ರಸ ಇಳಿದು, ತಗ್ಗಿನಲ್ಲಿ ಹರಿದು, ಮೂಲೆಯಲ್ಲಿ ಹೂತಿಟ್ಟ ಭರಣಿಗೆ ಬೀಳುತ್ತಿತ್ತು. ನಮ್ಮ ಜೋನಿಬೆಲ್ಲದ ಹಾಗೆ, ಇನ್ನೂ ಕಪ್ಪು. ಕಾಕ ಅಲ್ಲಿ ನಿಂತು ಜೇಬಿನಿಂದ ಒಂದು ಕೆಮ್ಮಿನ ಔಷಧದ ಬಾಟಲಿ ತೆಗೆದರು. ಬೆರಳು ಅದ್ದಿ ನನ್ನ ಅಂಗೈಗೆ ಒಂದು ಹನಿ ಇಟ್ಟರು. "ನೆಕ್ಕು. ಮನೆಗೆ ಬಂದವ ಬಾಯಿ ಸಿಹಿ ಮಾಡದೆ ಹೋಗ್ಬಾರ್ದು."

ಬಾಟಲಿಯ ಒಳಗಿನದ್ದು ಅವರು ಮಾರ್ಕೆಟಿನಿಂದ ತಂದ ಪಾಕ. ಬಂದ ಪ್ರತಿಯೊಬ್ಬರಿಗೂ ಒಂದು ಹನಿ. ಬೆರಳು ಅಂಟಿದ್ದು ಹಾಗೆ.

ಆಮೇಲೆ ಶುಕ್ರವಾರ ರಜೆಯಲ್ಲಿ ನಾನು ಸುಮ್ಮನೆ ಅಲ್ಲಿಗೆ ಹೋಗುತ್ತಿದ್ದೆ. ನನ್ನ ರೂಮಿನಲ್ಲಿ ಕಾಲು ಚಾಚಲು ಜಾಗ ಇರಲಿಲ್ಲ. ಅವರ ಹತ್ತಿರ ಫ್ಲಾಸ್ಕಿನಲ್ಲಿ ಚಾ ಇರುತ್ತಿತ್ತು. ಸಣ್ಣ ಪ್ರಾಯದಲ್ಲಿ ಮಂಜಿ, ಅಂದರೆ ಸರಕಿನ ಹಾಯಿಹಡಗು, ಹತ್ತಿ ಬಂದವರು, ಬಂದರಿನಲ್ಲಿ ಮೂಟೆ ಹೊತ್ತು, ಗೋದಾಮು ಕಾದು, ಕೊನೆಗೆ ಕೋಟೆಗೆ ಬಂದಿದ್ದರು. ಹೆಚ್ಚು ಮಾತಾಡುವ ಜನ ಅಲ್ಲ. ಮೆಟ್ಟಿಲು ಇಳಿದ ಮೇಲೆ ಮಾತ್ರ ಬಾಯಿ ಬರುತ್ತಿತ್ತು.

ಒಂದು ಶುಕ್ರವಾರ ಹೋದರೆ ಚಾ ಹಾಕಿರಲಿಲ್ಲ. ಕೈಯಲ್ಲಿ ಟೈಪ್ ಮಾಡಿದ ಕಾಗದ. ಆಫೀಸಿನಿಂದ ಬಂದದ್ದು, ತಂದವನು ಬಾಯಲ್ಲಿ ಹೇಳಿ ಹೋಗಿದ್ದನಂತೆ. ಇನ್ನು ಮೇಲೆ ಗೈಡ್ ಆದವರು ಇದರಲ್ಲಿ ಇದ್ದದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಮುಂದಿನ ತಿಂಗಳು ಅಧಿಕಾರಿಗಳು ಬಂದು ಕೇಳುತ್ತಾರೆ. ಆಗದಿದ್ದರೆ ಅಸ್ಕರ್ ಅನ್ನುವ ಊರಿನ ಕಡೆ ಸಿಮೆಂಟ್ ಗೋದಾಮಿಗೆ ನಾತೂರ್ ಬೇಕಾಗಿದೆ, ಅಲ್ಲಿಗೆ ಕಳಿಸುತ್ತಾರೆ. ಸಂಬಳ ಅಷ್ಟೇ.

"ಹೋಗಿ ಕಾಕ, ಸಂಬಳ ಅಷ್ಟೇ ಅಲ್ವಾ," ಅಂದೆ. ನನಗೆ ಹಾಗೆಯೇ ಕಂಡಿತು.

ಅವರು ಕಾಗದ ಮಡಚಿದರು. "ಸಿಮೆಂಟ್ ಚೀಲಕ್ಕೆ ನಾನು ಎಂತ ಹೇಳುದು?"



ಅವರಿಗೆ ಓದಲು ಬರುವುದಿಲ್ಲ. ನನಗೆ ಕನ್ನಡ ಕೂಡಿಸಿ ಓದಲು ಬರುತ್ತದೆ, ಇಂಗ್ಲಿಷ್ ಇಲ್ಲ. ಆದರೆ ಓದಲು ಬರದವರು ಇಲ್ಲಿ ಊರಿಗೆ ಕಾಗದ ಹೇಗೆ ಕಳಿಸುತ್ತಿದ್ದರು? ಕ್ಯಾಸೆಟಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದರು. ಅವರ ಮನೆಯವರು ಹಾಗೆಯೇ ಮಾತಾಡಿ ತಿರುಗಿ ಕಳಿಸುತ್ತಿದ್ದರು. "ಇದನ್ನೂ ಕ್ಯಾಸೆಟ್ ಮಾಡಿಸುವ," ಅಂದೆ ನಾನು.

ಓದಿದವರು ಸಿಸ್ಟರ್. ಆಸ್ಪತ್ರೆಯಲ್ಲಿ ನರ್ಸ್, ಊರು ಉಡುಪಿ ಕಡೆ. ನನ್ನ ಕಾಲಿಗೆ ಹಾರೆ ತಾಗಿದಾಗ ಹೊಲಿಗೆ ಹಾಕಿಸಿದವರು. ಕಾಕನ ಮನೆಮಾತು ಬ್ಯಾರಿ, ಸಿಸ್ಟರದ್ದು ಕೊಂಕಣಿ, ನನ್ನದು ತುಳು. ಮೂವರು ಕೂತರೆ ಕನ್ನಡ. ಸಿಸ್ಟರ್ ಫ್ಲಾಟಿನ ಅಡುಗೆಮನೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು, ಕಾಕ ತಂದ ಕ್ಯಾಸೆಟ್ ಹಾಕಿ, ಸಿಸ್ಟರ್ ಓದಲು ಶುರು ಮಾಡಿದರು. ನಡುವೆ ಒಂದು ಕಡೆ ಓದುವುದು ತಪ್ಪಿ "ಸಾರಿ, ಸಾರಿ" ಅಂದರು. ಇನ್ನೊಂದು ಕಡೆ ಕುಕ್ಕರ್ ಕೂಗಿತು. ಕೂಗು ನಿಲ್ಲುವವರೆಗೆ ಕಾದು ಮುಂದೆ ಓದಿದರು. ಪಾಕದ ಕೋಣೆಗೆ ಬಂದು ಅರ್ಧ ವಾಕ್ಯ ಓದುವಾಗ ಟಕ್ ಅಂತ ಒಂದು ಬದಿ ಮುಗಿಯಿತು.

ಸಿಸ್ಟರ್ ತಿರುಗಿಸಿ ಹಾಕಲು ಹೊರಟರು.

"ಬೇಡ ಸಿಸ್ಟರ್," ಕಾಕ ಕೈ ಅಡ್ಡ ಹಿಡಿದರು. "ಆ ಬದಿಯಲ್ಲಿ ನನ್ನ ಮನೆಯವಳು ಮಾತಾಡಿದ್ದು ಉಂಟು."

"ಬೇರೆ ಕ್ಯಾಸೆಟ್ ತರ್ತೇನೆ," ಅಂದೆ.

"ಬೇಡ ಮೋನೆ. ಪಾಕದ ಕೋಣೆಯಲ್ಲಿ ಹೇಳ್ಲಿಕ್ಕೆ ನನಗೆ ಕ್ಯಾಸೆಟ್ ಯಾಕೆ?"

"ಅರ್ಧ ವಾಕ್ಯದಲ್ಲಿ ನಿಂತಿದೆ ಕಾಕ," ಅಂದರು ಸಿಸ್ಟರ್. "ಅದನ್ನಾದರೂ ಮುಗಿಸುವ."

"ಅದು ನಾನು ನೋಡ್ಕೊಳ್ತೇನೆ."

ಹಠ ಅಂದರೆ ಹಠ. ನಾವು ಬಿಟ್ಟೆವು.

ಒಂದು ತಿಂಗಳು ಅವರು ಆ ಕ್ಯಾಸೆಟ್ ಕೇಳಿದರು. ಅರ್ಥ ಗೊತ್ತಾಗದಿದ್ದರೂ ಶಬ್ದ ಶಬ್ದ ಬಾಯಿಗೆ ಬಂತು. ನನ್ನನ್ನು ಎದುರು ಕೂರಿಸಿ ಒಪ್ಪಿಸುತ್ತಿದ್ದರು. ಸಿಸ್ಟರ್ "ಸಾರಿ, ಸಾರಿ" ಅಂದಲ್ಲಿ ಅವರೂ "ಸಾರಿ, ಸಾರಿ" ಅನ್ನುತ್ತಿದ್ದರು. ಕುಕ್ಕರ್ ಕೂಗಿದಲ್ಲಿ ಬಾಯಿ ಮುಚ್ಚಿ ನಿಲ್ಲುತ್ತಿದ್ದರು.

"ಕಾಕ, ಅದು ಕುಕ್ಕರ್. ಅದನ್ನು ಬಿಡಿ."

"ಗೊತ್ತುಂಟು ಮಾರಾಯ. ಅದನ್ನು ಬಿಟ್ರೆ ಮುಂದಿನದ್ದು ಬರುದಿಲ್ಲ. ಕುಕ್ಕರ್ ಆಗ್ಲೇಬೇಕು."

ಅಧಿಕಾರಿಗಳು ಬರುವ ದಿನ ನೋಡುವವರು ಬೇಕಲ್ಲ ಅಂತ ಕಾಕ ನಮ್ಮನ್ನೇ ಬರಹೇಳಿದರು. ನಾನು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಟೂರಿಸ್ಟ್ ಆದೆ. ಸಿಸ್ಟರ್ ತಲೆಗೆ ಸ್ಕಾರ್ಫ್ ಕಟ್ಟಿ, ಗಂಡನನ್ನೂ ಕರೆದುಕೊಂಡು ಬಂದಿದ್ದರು. ಅಧಿಕಾರಿಗಳು ಇಬ್ಬರು. ಕೋಟು ಹಾಕಿದ ಒಬ್ಬರ ಕೈಯಲ್ಲಿ ಅದೇ ಟೈಪ್ ಮಾಡಿದ ಕಾಗದ. ಇನ್ನೊಬ್ಬರು ಇಲ್ಲಿಯವರೇ, ಬಿಳಿ ಗಡ್ಡದ ಹಿರಿಯರು.

ಕಾಕ ಚಪ್ಪಲಿ ಕಳಚಿ ಕೆಮ್ಮಿದರು. ಕೋಟಿನವರು ಕಾಗದ ನೋಡಿದರು. ಕೆಮ್ಮು ಅದರಲ್ಲಿ ಇರಲಿಲ್ಲ.

ಆದರೆ ಕಾಕ ಹೇಳಿದರು ನೋಡಿ, ಇಂಗ್ಲಿಷ್ ನೀರಿನ ಹಾಗೆ. ಧ್ವನಿ ಗಂಡಸಿನದ್ದು, ರಾಗ ಮಾತ್ರ ಸಿಸ್ಟರದ್ದು. "ಸಾರಿ, ಸಾರಿ" ಬಂದಾಗ ಸಿಸ್ಟರ್ ಸ್ಕಾರ್ಫಿನಿಂದ ಬಾಯಿ ಮುಚ್ಚಿಕೊಂಡರು. ಬಾವಿಯ ಹತ್ತಿರ ಕುಕ್ಕರ್ ಬಂತು. ಕಾಕ ಮಾತು ನಿಲ್ಲಿಸಿ ಬಾವಿಯ ಒಳಗೆ ನೋಡುತ್ತಾ ನಿಂತರು. ಜನರಿಗೆ ನೋಡಲು ಸಮಯ ಕೊಡುತ್ತಿದ್ದಾರೆ ಅಂತ ಎಣಿಸಿ ಅಧಿಕಾರಿಗಳೂ ಇಣುಕಿ ನೋಡಿದರು. "ಗುಡ್," ಅಂದರು ಕೋಟಿನವರು. ನಾನು ಸಿಸ್ಟರ್ ಮುಖ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕು ಕಾಕನ ಕೆಲಸ ಕಳೆಯುತ್ತಿದ್ದೆವು.

ಪಾಕದ ಕೋಣೆಗೆ ಬಂದೆವು. ಕಾಕ ಶುರು ಮಾಡಿದರು, ಅರ್ಧ ವಾಕ್ಯ ಹೇಳಿದರು, ನಿಂತರು.

ಟಕ್.

ಮುಂದಿನದ್ದು ನೋಡಿಕೊಳ್ಳುತ್ತೇನೆ ಅಂದಿದ್ದರು. ಆದರೆ ಇಂಗ್ಲಿಷಿನಲ್ಲಿ ಅಷ್ಟು ದೂರ ಹೋದ ಮೇಲೆ ಅವರದ್ದೇ ಮಾತು ಬಾಯಿಗೆ ಬರಲಿಲ್ಲ. ಕೋಟಿನವರು ಕಾಗದದ ಮೇಲೆ ಬೆರಳು ಇಟ್ಟು ಕಾದರು. ಕಾಕ ಏರು ತಗ್ಗಿನ ನೆಲ ನೋಡಿದರು, ಮೂಲೆಯ ಭರಣಿ ನೋಡಿದರು. ನನಗೆ ಸಿಮೆಂಟ್ ಚೀಲಗಳು ಕಣ್ಣಿಗೆ ಕಂಡವು.

ಎಂತ ಮಾಡುವುದು ಅಂತ ಗೊತ್ತಾಗದೆ ನಾನು ಕೈ ಮುಂದೆ ಮಾಡಿದೆ. ಅಂಗೈ ಬಿಡಿಸಿ. ಆ ಕೋಣೆಯಲ್ಲಿ ನಿಂತರೆ ನಾನು ಮಾಡುತ್ತಿದ್ದದ್ದು ಅದನ್ನೇ.

ಕಾಕ ನನ್ನ ಕೈ ನೋಡಿದರು. ಜೇಬಿಗೆ ಕೈ ಹಾಕಿದರು. ಬಾಟಲಿ ಬಂತು.

ಒಂದು ಹನಿ ನನಗೆ. ಒಂದು ಸಿಸ್ಟರ್‌ಗೆ, ಒಂದು ಅವರ ಗಂಡನಿಗೆ. ಹನಿ ಇಡುತ್ತಾ ಇಡುತ್ತಾ ಬಾಯಿ ಬಂತು. ಚೀಲ ಹೀಗೆ ಒಟ್ಟುತ್ತಿದ್ದರು, ರಸ ಹೀಗೆ ಇಳಿಯುತ್ತಿತ್ತು, ಮಕ್ಕಳು ಕದ್ದು ಬೆರಳು ಹಾಕಿ ನೆಕ್ಕುತ್ತಿದ್ದರು, ಮುದುಕಿ ಬೈಯುತ್ತಿದ್ದಳು. ಉರ್ದು, ಅರಬ್ಬಿ, ಎಲ್ಲ ಸೇರಿಸಿ. ಮುದುಕಿ ಬೈದದ್ದು ಮಾತ್ರ ಬ್ಯಾರಿಯಲ್ಲಿ.

"ಇದು ಕಾಗದದಲ್ಲಿ ಇಲ್ಲ," ಅಂದರು ಕೋಟಿನವರು ಉರ್ದುವಿನಲ್ಲಿ. "ಇಲ್ಲಿ ತಿನ್ನಲು ಕುಡಿಯಲು ಕೊಡಬಾರದು."

ಬಿಳಿ ಗಡ್ಡದ ಹಿರಿಯರು ಅಂಗೈ ಮುಂದೆ ಮಾಡಿದರು. ನೆಕ್ಕಿದರು. ಆಮೇಲೆ ಅರಬ್ಬಿಯಲ್ಲಿ ಒಂದು ಮಾತು ಹೇಳಿದರು. ಅವರ ಅಜ್ಜಿಯ ಮನೆಯಲ್ಲೂ ಇಂಥ ಕೋಣೆ ಇತ್ತಂತೆ, ಅವರೂ ಬೆರಳು ಹಾಕಿ ಪೆಟ್ಟು ತಿಂದಿದ್ದರಂತೆ. ಇದನ್ನು ಕಾಕ ಆಮೇಲೆ ನನಗೆ ಹೇಳಿದ್ದು.

ಕಾಕ ಗೆದ್ದರು ಅಂತ ನಾನು ಹೇಳುವುದಿಲ್ಲ. ಇಂಗ್ಲಿಷ್ ಹೇಳಲು ಕಾಲೇಜು ಮುಗಿಸಿದ ಇಲ್ಲಿಯ ಒಬ್ಬ ಹುಡುಗನನ್ನು ಇಟ್ಟರು. ಬಾವಿ, ಒಲೆ, ಗಾಜಿನ ಪೆಟ್ಟಿಗೆ ಎಲ್ಲ ಅವನಿಗೆ ಹೋಯಿತು. ಬಾಗಿಲು ಕಾಯುವುದು ಮತ್ತು ಪಾಕದ ಕೋಣೆ ಕಾಕನಿಗೆ ಉಳಿಯಿತು. ಅಸ್ಕರ್ ತಪ್ಪಿತು. ಹುಡುಗ ಜನರನ್ನು ಅಲ್ಲಿಯವರೆಗೆ ಕರೆದುಕೊಂಡು ಬಂದು ಬದಿಗೆ ನಿಲ್ಲುತ್ತಿದ್ದ. ಕಾಕ ಬಾಟಲಿ ತೆಗೆಯುತ್ತಿದ್ದರು.

"ಬೇಸರ ಇಲ್ವಾ ಕಾಕ, ಎಲ್ಲ ಅವನೇ ಹೇಳುದು?"

"ಅವನು ಒಳ್ಳೆಯವ. ಇಸವಿ ಎಲ್ಲ ಗೊತ್ತುಂಟು." ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಾ, "ಆದ್ರೆ ಕೆಮ್ಮುದಿಲ್ಲ," ಅಂದರು.

ಹಾಗೆ ಕೆಲವು ವರ್ಷ ನಡೆಯಿತು. ಕಾಕ ತೀರಿಕೊಂಡದ್ದು ಇಲ್ಲಿಯೇ, ಸಿಸ್ಟರ್ ಇದ್ದ ಆಸ್ಪತ್ರೆಯಲ್ಲಿ, ಎದೆನೋವಿಗೆ. ಮಣ್ಣು ಮಾಡಿದ್ದೂ ಇಲ್ಲಿಯೇ. ನಾನು ಸ್ವಲ್ಪ ದೂರ ನಿಂತಿದ್ದೆ, ಗೈಡ್ ಹುಡುಗ ಮುಂದೆ ಇದ್ದ. ಗುಂಡಿ ಚೆನ್ನಾಗಿ ತೋಡಿದ್ದರು, ಬದಿ ನೇರ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. ಬೇರೆ ಎಲ್ಲಿ ನೋಡುವುದು ಅಂತ ಗೊತ್ತಾಗಲಿಲ್ಲ. ಇಳಿಸುವ ಮೊದಲು ಯಾರೋ ಕೆಮ್ಮಿದ್ದು ಕೇಳಿತು. ಆ ಹುಡುಗ.

ಕ್ಯಾಸೆಟನ್ನು ಸಿಸ್ಟರ್ ರಜೆಗೆ ಹೋಗುವಾಗ ಕಾಕನ ಮನೆಗೆ ಕೊಟ್ಟು ಬಂದರು. ಒಂದು ಬದಿಯಲ್ಲಿ ಅವರ ಹೆಂಡತಿ, ಇನ್ನೊಂದು ಬದಿಯಲ್ಲಿ ಸಿಸ್ಟರ್ ಮತ್ತು ಕುಕ್ಕರ್. ಕಾಕನ ಧ್ವನಿ ಎರಡು ಬದಿಯಲ್ಲೂ ಇಲ್ಲ.

ನನ್ನದು ಈಗಲೂ ಅದೇ ಕೆಲಸ. ಮೊನ್ನೆ ಒಂದು ಗಲ್ಲಿಯಲ್ಲಿ ಪೈಪ್ ಹಾಕಲು ಅಗೆಯುವಾಗ ಕೆಳಗೆ ಹಳೆ ಗಾರೆಯ ನೆಲ ಸಿಕ್ಕಿತು. ಯಾರದ್ದೋ ಮನೆ. ನಾನು ಹಾರೆ ಬದಿಗೆ ಇಟ್ಟೆ, ಚಪ್ಪಲಿ ಕಳಚಿದೆ, ಕೆಮ್ಮಿದೆ.

"ಎಂತ ಮಾರಾಯ, ನೆಗಡಿಯಾ?" ಮೇಲಿನಿಂದ ಜೊತೆಯವನು ಕೇಳಿದ.

"ಹೌದು," ಅಂದು ಇಳಿದೆ.