ದೀಪಕ್ಕೆ ಮುಂಚಿನ ದನಿ

ಆಲ್ದೂರಿನಲ್ಲಿ ಸಂಗೀತ ಪಾಠ ಹೇಳುವ ಭುವನಾಳಿಗೆ ತಾಳ್ಮೆಯೆಂಬುದು ಹುಟ್ಟಿನಿಂದ ಬಂದ ಗುಣವಲ್ಲ. ಅತ್ತೆ ಗಿರಿಜಾಂಬಾ ಅವರೊಡನೆ ವೇದಿಕೆ ಹತ್ತತೊಡಗಿದ ಮೇಲೆ ಅದು ಅಲ್ಪಸ್ವಲ್ಪ ಅಭ್ಯಾಸವಾಗಿತ್ತು. ಕಾರ್ತಿಕದ ದೀಪೋತ್ಸವ ಬಂತೆಂದರೆ ಅಷ್ಟೂ ಸವೆದುಹೋಗುತ್ತಿತ್ತು.

ಅತ್ತೆಯದು ಕಾಫಿ ಕಣದಾಚೆಗೂ ಕೇಳುವ ಕಂಠ. ಆದರೆ ಎಪ್ಪತ್ತು ದಾಟಿದ ಮೇಲೆ ಉಸಿರು ಮೊದಲಿನಂತೆ ನಿಲ್ಲದು. ಅದಕ್ಕೆಂದೇ ಭುವನಾ ಲೂಪರ್ ಎಂಬ ಪೆಟ್ಟಿಗೆಯನ್ನು ತರಿಸಿದ್ದಳು. ಅತ್ತೆ ಪಲ್ಲವಿಯನ್ನು ಒಮ್ಮೆ ಹಾಡಿದರೆ ಸಾಕು. ಭುವನಾ ಕಾಲಿನಿಂದ ಒತ್ತುತ್ತಲೇ ಪೆಟ್ಟಿಗೆ ಅದನ್ನು ಹಿಡಿದಿಟ್ಟು ಮರಳಿ ಮರಳಿ ನುಡಿಯುತ್ತಿತ್ತು, ಅಷ್ಟರಲ್ಲಿ ಅತ್ತೆ ಉಸಿರು ತಂದುಕೊಳ್ಳುತ್ತಿದ್ದರು. ಆದರೆ ಒಳಹೋಗುವ ದನಿಯನ್ನು ಹಿಗ್ಗಿಸುವ ಗೇನ್ ಹೆಚ್ಚಾಗಿ ಆ ದನಿ ಮಿತಿಮೀರಿದರೆ ಒಡೆಯುತ್ತಿತ್ತು. ಒಡೆದ ದನಿಯನ್ನೂ ಪೆಟ್ಟಿಗೆ ಅಷ್ಟೇ ನಿಷ್ಠೆಯಿಂದ ನುಡಿಯುತ್ತಿತ್ತು. ಹೋದ ಕಾರ್ತಿಕದಲ್ಲಿ ಹಾಗಾಗಿ ಶಿವಪದವೆಲ್ಲ ತಗಡು ಎಳೆದಂತೆ ಕೇಳಿತ್ತು. ಈ ಸಲವೂ ಹಾಗಾದರೆ ಮುಂದೆ ಪೆಟ್ಟಿಗೆ ಬೇಡವೆಂದು ಅಕ್ಕನ ಬಳಗದ ಅಧ್ಯಕ್ಷೆ ಅರುಣಾ ಕಡ್ಡಿ ಮುರಿದಂತೆ ಹೇಳಿದ್ದರು. ಪೆಟ್ಟಿಗೆಯಿಲ್ಲದೆ ಅತ್ತೆ ಹಾಡಲಾರರು.

ದೀಪೋತ್ಸವದ ಸಂಜೆ ಸಮುದಾಯ ಭವನದಲ್ಲಿ ದನಿಯ ಮಟ್ಟ ನೋಡುವಾಗ ಗಿರಿಜಾಂಬಾ ಮೈಕಿನ ಮುಂದೆ ಕುಳಿತು ಸುಮ್ಮನೆ ಗುನುಗಿದರು.

"ಅತ್ತೆ, ದನಿ ತೆಗೆದು ಹಾಡಿ."

"ದೀಪ ಹಚ್ಚೋಕೆ ಮುಂಚೆ ಶಿವಪದನ ದನಿ ತೆಗೆದು ಹಾಡ್ತಾರೇನೇ? ಒಳ್ಳೆ ಹೇಳ್ತೀಯ."

"ಹೀಗೆ ಗುನುಗಿದ್ದಕ್ಕೆ ಹೊಂದಿಸಿ ಗೇನ್ ಏರಿಸಿಟ್ಟೇ ಹೋದ ವರ್ಷ ಒಡೆದದ್ದು! ಬರೀ ಸ್ವರ ಹೇಳಿ, ಸಾಕು."

"ಸ್ವರ ದೇವರಲ್ವಾ?"

ದೀಪವಾದರೋ ಮಠದ ಸ್ವಾಮಿಗಳು ದಯಮಾಡಿಸದೆ ಹಚ್ಚುವಂತಿಲ್ಲ. ಭುವನಾ ಹಣೆ ಒತ್ತಿಕೊಂಡಳು. ಮೈಕ್ ಸೆಟ್ಟಿನ ಕುಮಾರ್ ಸಮಾಧಾನ ಹೇಳಿದ: "ಒಡೆದ್ರೆ ನಾನು ಈ ಕಡೆ ಕಮ್ಮಿ ಮಾಡ್ತೀನಿ ಬಿಡಿ ಮೇಡಂ."

"ಒಳಗೆ ಹೋಗೋವಾಗ್ಲೇ ಒಡೆದದ್ದನ್ನ ನೀನು ಹೊರಗೆ ಕಮ್ಮಿ ಮಾಡಿದ್ರೆ ಏನಾಗ್ತದೆ ಮಾರಾಯ? ಒಡೆದದ್ದೇ ಸಣ್ಣಕೆ ಕೇಳ್ತದೆ!"

ಅಷ್ಟರಲ್ಲಿ ಬಾಗಿಲಾಚೆ ಜೀಪೊಂದು ಹಿಂದಕ್ಕೆ ಸರಿಯುತ್ತ ರಂಗೋಲಿಯ ಅಂಚಿಗೆ ಬಂತು.

"ಏಯ್! ನಿಲ್ಸೋ! ಕಣ್ಣು ಎಲ್ಲಿಟ್ಟಿದೀಯ?" ಗಿರಿಜಾಂಬಾ ಮೈಕಿನಲ್ಲೇ ಗುಡುಗಿದರು. ದನಿ ಮಿತಿಮೀರಿತೆಂದು ಪೆಟ್ಟಿಗೆಯ ಕೆಂಪು ದೀಪ ಭಗ್ಗೆಂದಿತು. ಭುವನಾ ಮಂಡಿಯೂರಿ ಗೇನ್ ನಾಬ್ ಹಿಡಿದಳು.

"ಅತ್ತೆ, ಇನ್ನೊಂದು ಸಲ ಬೈಯಿರಿ!"

"ನಿಲ್ಸಿದಾನಲ್ಲೇ ಪಾಪ. ಇನ್ಯಾಕೆ ಬೈಲಿ?"

ಭುವನಾಳ ತಾಳ್ಮೆಯ ಕೊನೆಯ ಎಳೆಯೂ ಹರಿಯಿತು. ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿ, ಎಂದೂ ಆಡದ ಸುಳ್ಳನ್ನು ಆಡಿಬಿಟ್ಟಳು.

"ಮೊನ್ನೆ ನೀವು ಮಾಡಿದ ಪಾಯಸ ಸೀದಿತ್ತಂತೆ. ಅರುಣಕ್ಕ ಹೇಳ್ತಿದ್ರು."

"ಸೀದಿತ್ತಾ? ನನ್ನ ಪಾಯಸ? ಎರಡೆರಡು ಸಲ ಬಡಿಸ್ಕೊಂಡು ತಿಂದವಳು ಯಾರೇ? ಪಾತ್ರೆ ತಳ ಕೆರೆದವಳು ಯಾರೇ?"

ಹೂಮಾಲೆ ಕಟ್ಟುತ್ತಿದ್ದ ಅರುಣಾ ಮೈಕಿನ ಗುಡುಗಿಗೆ ದಿಗ್ಭ್ರಾಂತರಾಗಿ ತಲೆಯೆತ್ತಿದರು. ಇತ್ತ ಭುವನಾ ಒಂದೊಂದೇ ಕೂದಲೆಳೆಯಷ್ಟು ನಾಬ್ ಇಳಿಸುತ್ತ ಬಂದಳು. 'ತಳ ಕೆರೆದವಳು' ಎಂಬಲ್ಲಿ ಕೆಂಪು ಆರಿ ಹಸುರು ನಿಂತಿತು. ನಾಬ್ ಅಲುಗದಂತೆ ಅಲ್ಲಿಗೇ ಟೇಪು ಅಂಟಿಸಿದಳು.

ಸ್ವಾಮಿಗಳು ಬಂದರು, ದೀಪ ಬೆಳಗಿತು. ಗಿರಿಜಾಂಬಾ ಕಂಠ ಬಿಚ್ಚಿ ಪಲ್ಲವಿ ಹಾಡಿದರು. ಭುವನಾ ಕಾಲಿನಿಂದ ಪೆಟ್ಟಿಗೆಯ ಪೆಡಲ್ ಒತ್ತಿದಳು. ಪಲ್ಲವಿ ಹಾಡಿದ ಹಾಗೆಯೇ, ಬಿರುಕಿಲ್ಲದೆ, ತುಂಬಿಕೊಂಡು ಮರಳಿ ಬಂತು. ಅರುಣಾ ಸಿಟ್ಟು ಮರೆತು ತಲೆದೂಗಿದರು. ಗಿರಿಜಾಂಬಾ ಕಣ್ಮುಚ್ಚಿದರು. ಪಲ್ಲವಿ ಮತ್ತೆ ಬಂತು, ಮತ್ತೂ ಬಂತು; ಚರಣ ಎತ್ತಿಕೊಳ್ಳುವವರಿಲ್ಲ.

"ಅತ್ತೆ, ಹಾಡಿ! ನಿಮ್ಮದೇ ಸರದಿ," ಭುವನಾ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಇರೇ ಸ್ವಲ್ಪ," ಎಂದರು ಅವರು ಕಣ್ಣು ತೆರೆಯದೆ. "ಕೇಳ್ತಾ ಇದೀನಿ."