ದಬ್ಬಿದರೆ ಚಾಲೂ ಆಗದ ಗಾಡಿ

ಸಿಂದಗಿಯ ಬಸಂತರಾಯರ ಡ್ರೈವರ್ ಇಬ್ರಾಹಿಂಸಾಬನಿಗೆ ಇದ್ದದ್ದು ಒಂದೇ ಸೊಕ್ಕು. ಎರೆ ಹೊಲದಲ್ಲಿ ತನ್ನ ಹಾಗೆ ಜೀಪು ಓಡಿಸುವವನು ಇಂಡಿಯಿಂದ ಮುದ್ದೇಬಿಹಾಳದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ ಅನ್ನುವುದು. ಸೊಕ್ಕು ಸುಳ್ಳೇನಲ್ಲ ಬಿಡಿ. ಮಳೆಯಾದ ಮೇಲೆ ಆ ಕರಿ ಮಣ್ಣು ನಡೆಯುವವರ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಅಂಥಲ್ಲಿ ಮಿಲಿಟರಿ ಹರಾಜಿನ ಹಳೇ ಜೀಪನ್ನು ಅವನು ಸಣ್ಣ ಗೇರಿಗೆ ಹಾಕಿ, ಕ್ಲಚ್ಚು ಹದವಾಗಿ ಬಿಡುತ್ತ, ಒಮ್ಮೆ ಬೈಯುತ್ತ ಒಮ್ಮೆ ರಮಿಸುತ್ತ ದಾಟಿಸುತ್ತಿದ್ದ. ಎಲ್ಲಾದರೂ ಬಂದಾಗಿ ನಿಂತರೆ ನಾಲ್ಕು ಮಂದಿಯನ್ನು ಕೂಗಿದರಾಯಿತು. ಅವರು ಹಿಂದಿನಿಂದ ದಬ್ಬಬೇಕು, ಇವನು ಕ್ಲಚ್ಚು ಬಿಡಬೇಕು, ಜೀಪು ಕೆಮ್ಮಿ ಎದ್ದು ಹೊರಡಬೇಕು.

ಆದರೆ ಅವನ ಎಡ ಮೊಣಕಾಲು ಕೆಟ್ಟಿತ್ತು. ಕ್ಲಚ್ಚು ತುಳಿದಾಗಲೆಲ್ಲ ಜೀವ ಹೋಗಿ ಬಂದಂತಾಗುತ್ತಿತ್ತು. ಇದು ಗೊತ್ತಿದ್ದದ್ದು ಹೆಂಡತಿ ಇಮಾಮಬಿಗೆ ಮಾತ್ರ, ರಾತ್ರಿ ಎಣ್ಣೆ ತಿಕ್ಕುವವಳು ಅವಳೇ ತಾನೇ. ಧಣಿಗೆ ಹೇಳುವುದುಂಟೇ? ಕಾಲು ಹೋದ ಡ್ರೈವರನನ್ನು ಕೂಡಿಸಿ ಉಣ್ಣಿಸುವವರು ಯಾರು!

ಅಷ್ಟರಲ್ಲಿ ಬಸಂತರಾಯರು ಇನ್ನೊಂದು ಗಾಡಿ ತಂದರು. ಬಾವಿ ಕೊರೆಯಲು ಬಂದಿದ್ದ ಪರದೇಶದವರು ಬಿಟ್ಟುಹೋದ ದೊಡ್ಡ ಜೀಪು. ನಾಲ್ಕೂ ಗಾಲಿಗೆ ಜೋರಿತ್ತು, ಕ್ಲಚ್ಚು ಮಾತ್ರ ಇರಲಿಲ್ಲ. ಗೇರು ತಾನೇ ಬದಲಾಗುತ್ತಿತ್ತು, ಎಡಗಾಲಿಗೆ ಪೂರಾ ರಜೆ. ಗಾಡಿ ಒಪ್ಪಿಸಿದ ಹಳೇ ಡ್ರೈವರು ಒಂದು ಮಾತು ಹೇಳಿದ್ದ: "ಬ್ಯಾಟರಿ ಜ್ವಾಕಿ ಮಾಡ್ರಿ ಸಾಬ್ರ. ಅದು ಸತ್ರ ಊರಿಗೂರs ಬಂದು ದಬ್ಬಿದ್ರೂ ಇದು ಚಾಲೂ ಆಗಂಗಿಲ್ಲ."

ತಿಂಗಳೊಪ್ಪತ್ತಿನಲ್ಲಿ ಬಸಂತರಾಯರು ಕೇಳಿದರು. "ಇಬ್ರಾಹಿಂಸಾಬ, ಎರಡೂ ಇಟ್ಕೊಂಡು ಏನ್ ಮಾಡೂದು? ಒಂದು ಮಾರೂಣು. ದೇವಣಗಾಂವದ ಹೊಲಕ್ಕ ಹೋಗಿಬರಾಕ ಯಾವ್ದು ಚಲೋ, ನೀನs ಹೇಳು."

"ದೊಡ್ಡದು ಇರ್ಲಿರಿ ಧಣ್ಯಾರ. ಕೆಸರಿನ್ಯಾಗ ಗೇರ್ ಬದಲಿ ಮಾಡೂದ್ರಾಗ ಗಾಡಿ ಒಂದೀಟು ದಮ್ಮು ಬಿಡತೈತಿ, ಅಷ್ಟರಾಗ ಗಾಲಿ ಹುಗದಬಿಡ್ತಾವ. ಇದಕ್ಕ ಆ ತ್ರಾಸs ಇಲ್ರಿ."

ಹೇಳಿದ್ದೇನೋ ನಿಜ. ಆದರೆ ಅರ್ಧ ನಿಜ. ಹಳ್ಳದ ಇಳಿಜಾರಿನಲ್ಲಿ ಹಳೇ ಜೀಪು ಸಣ್ಣ ಗೇರಿನಲ್ಲಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ ಅನ್ನಲಿಲ್ಲ. ಬ್ಯಾಟರಿಯ ಮಾತಂತೂ ಬಾಯಿಂದ ಬರಲೇ ಇಲ್ಲ. ಹಳೇ ಜೀಪನ್ನು ಮಾರಿದ ದಿನ ಇಬ್ರಾಹಿಂಸಾಬ ಅದರ ಬಾನೆಟ್ಟು ಸವರಿ, ಮೋರೆ ತಿರುಗಿಸಿ ನಿಂತ.

ಎಪ್ಪತ್ತೈದರ ಹಿಂಗಾರಿ ಮಳೆ ಹಟ ಹಿಡಿದು ಸುರಿಯಿತು. ಧಣಿಯ ಉಳ್ಳಾಗಡ್ಡಿ ಚೀಲ ತರಲು ದೇವಣಗಾಂವಕ್ಕೆ ಹೋದ ಇಬ್ರಾಹಿಂಸಾಬ ಅಲ್ಲೇ ಸಿಕ್ಕಿಬಿದ್ದ. ಮಳೆ ಹೊಳವಾದ ಮುಂಜಾನೆ, ಕುರುಬರ ಅಮಸಿದ್ದ ಏದುಸಿರು ಬಿಡುತ್ತ ಬಂದ. ಅವನ ಹೆಂಡತಿ ಮರೆವ್ವ ಹೆರಿಗೆ ಬೇನೆಯಲ್ಲಿದ್ದಳು. ಕೂಸು ಅಡ್ಡ ತಿರುಗಿದೆ, ಸಿಂದಗಿ ದವಾಖಾನೆಗೇ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು.

"ಕಾಕಾ, ಗಾಡಿ ತಗೀರಿ. ನಿಮ್ಮ ಕಾಲ ಬೀಳ್ತೇನಿ."

ಮರೆವ್ವನನ್ನು ಕಂಬಳಿಯಲ್ಲಿ ಹೊತ್ತು ತಂದು ಹಿಂದೆ ಮಲಗಿಸಿದರು. ಇಬ್ರಾಹಿಂಸಾಬ ಚಾವಿ ತಿರುಗಿಸಿದ. ಟಿಕ್ ಅಂದಿತು. ಮತ್ತೆ ತಿರುಗಿಸಿದ. ಅದೂ ಇಲ್ಲ.

"ದಬ್ರಿ!" ಎಂದು ಯಾರೋ ಕೂಗಿದರು. ಕೂಗದೆ ಇರುತ್ತಾರೆಯೇ? ಇವನ ಗಾಡಿಯನ್ನು ದಬ್ಬಿ ದಬ್ಬಿ ಆ ಊರಿನ ಕೈಗೆ ರೂಢಿಯಾಗಿತ್ತು. ಮಂದಿ ಧೋತರ ಮೇಲೆ ಕಟ್ಟಿ ಕೆಸರಿಗಿಳಿದರು. ಪಕ್ಕದಲ್ಲೇ ಅಮಸಿದ್ದನ ಚಕ್ಕಡಿ ನಿಂತಿತ್ತು, ಎತ್ತುಗಳು ಗೋದಲಿಯಲ್ಲಿದ್ದವು. ಇದು ದಬ್ಬಿದರೆ ಏಳುವ ಗಾಡಿಯಲ್ಲ, ಚಕ್ಕಡಿ ಹೂಡಿರಿ ಅನ್ನಬೇಕಿತ್ತು. ಅಂದರೆ? ಮತ್ತೆ ಆ ಜೀಪು ಯಾಕೆ ಮಾರಿಸಿದಿ ಅನ್ನುತ್ತಾರೆ. ಮಾತು ಧಣಿಯ ಕಿವಿಗೆ ಬೀಳುತ್ತದೆ, ಅಲ್ಲಿಂದ ಮೊಣಕಾಲಿಗೆ ಬರುತ್ತದೆ.

ಬಾಯಿ ಬಿಡುವ ಬದಲು ಅವನೂ ಕೆಳಗಿಳಿದು, ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಬಾಗಿಲಿಗೆ ಹೆಗಲು ಕೊಟ್ಟ! ಊರ ಅಗಸಿ ಬಾಗಿಲಿಂದ ಹಳ್ಳದ ದಂಡೆಯವರೆಗೆ ದಬ್ಬಿದರು. ಒಳಗಿನಿಂದ ಮರೆವ್ವ "ಯವ್ವಾ" ಎಂದು ನರಳುತ್ತಿದ್ದಳು. ಇಬ್ರಾಹಿಂಸಾಬ ಎರಡು ಸಲ ಕೆಸರಲ್ಲಿ ಬಿದ್ದ. ಅವನು ಕುಂಟುವುದು ಕಂಡು, ಈಗ ಬಿದ್ದ ಪೆಟ್ಟೆಂದುಕೊಂಡು ಮಂದಿ ಲೊಚಗುಟ್ಟಿದರು. ಕಡೆಗೆ ಅಮಸಿದ್ದನೇ ಸೋತು, ಓಡಿಹೋಗಿ ಚಕ್ಕಡಿ ಹೂಡಿಕೊಂಡು ಬಂದ.

ಚಕ್ಕಡಿ ಡಾಂಬರು ರಸ್ತೆ ಮುಟ್ಟುವಾಗ ಸಿಂದಗಿ ಬಸ್ಸು ಆಗಷ್ಟೇ ಹೋಗಿತ್ತು. ಅದರ ಬೆನ್ನು ಕಾಣುತ್ತಿತ್ತಂತೆ. ಮುಂದೆ ಲಾರಿ ಸಿಗುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಮರೆವ್ವ ಬದುಕಿದಳು. ಕೂಸು ಬದುಕಲಿಲ್ಲ.

ಇಬ್ರಾಹಿಂಸಾಬನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಬೇಕಾಗಿತ್ತು. ಬದಲಿಗೆ, "ಪಾಪ, ಕುಂಟಗಾಲ ಎಳಕೋತ ನಮ್ಮ ಜೋಡಿ ದಬ್ಬಿದ" ಎಂದು ಹೊಗಳಿದರು. ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಚಳಿ ಶುರುವಾದಾಗ ಅಮಸಿದ್ದ ಸಿಂದಗಿಗೆ ಬಂದು, ಇಬ್ರಾಹಿಂಸಾಬನ ಮನೆ ಕಟ್ಟೆಯ ಮೇಲೆ ಹೊಸ ಕಂಬಳಿ ಇಟ್ಟ. ಕುರಿಯ ಉಣ್ಣೆ ಕತ್ತರಿಸಿ, ನೂಲು ತೆಗೆದು, ತಾನೇ ನೇಯ್ದದ್ದು.

"ನಿಮ್ಮ ಮೊಣಕಾಲಿಗಂತ ತಂದೇನ್ರಿ ಕಾಕಾ. ಅವತ್ತ ನಮ್ಮ ಸಲುವಾಗಿ ಭಾಳ ತ್ರಾಸ ತಗೊಂಡ್ರಿ. ಇದನ್ನ ಕೊಟ್ಟಬಾ ಅಂತ ಮರೆವ್ವನs ಕಳಿಸ್ಯಾಳ."

ಇಬ್ರಾಹಿಂಸಾಬನಿಗೆ ಇನ್ನು ತಡೆಯಲಾಗಲಿಲ್ಲ. "ಅಮಸಿದ್ದ, ಅದು ದಬ್ಬಿದ್ರ ಚಾಲೂ ಆಗೂ ಗಾಡಿ ಅಲ್ಲೋ. ನನಗ ಮೊದಲs ಗೊತ್ತಿತ್ತು."

ಅಮಸಿದ್ದ ಮತ್ತೆ ಕೇಳಿದ, "ಗೊತ್ತಿತ್ತು?"

"ಗೊತ್ತಿತ್ತು. ಹೇಳಿದ್ರ ನನ್ನ ಕಾಲಿನ ಸುದ್ದಿ ಹೊರಗ ಬೀಳತೈತಿ, ನೌಕರಿ ಹೋಗತೈತಿ ಅಂತ ಅಂಜಿದೆ."

ಬಯ್ಯಲಿ, ಹೊಡೆಯಲಿ ಎಂದು ಇಬ್ರಾಹಿಂಸಾಬ ತಲೆ ತಗ್ಗಿಸಿ ಕೂತ. ಅಮಸಿದ್ದ ಬಯ್ಯಲಿಲ್ಲ.

"ಅಷ್ಟ ಅಂದಿದ್ರ ಸಾಕಿತ್ತಲ್ರೀ ಕಾಕಾ," ಅಂದ. "ಚಕ್ಕಡಿ ಅಲ್ಲೇ ಇತ್ತು."

ಅವನು ಎದ್ದು ಹೊರಟ. ಕಂಬಳಿ ಒಯ್ಯೋ ಎಂದು ಇಬ್ರಾಹಿಂಸಾಬ ಕೂಗಿದ. "ಮರೆವ್ವಗ ಏನಂತ ಹೇಳ್ಲಿ?" ಎಂದು ಕೇಳಿದ ಅಮಸಿದ್ದ ತಿರುಗಿ ನೋಡಲಿಲ್ಲ.

ಮಾರನೇ ದಿನ ಇಬ್ರಾಹಿಂಸಾಬ ಧಣಿಯ ಎದುರು ಎಲ್ಲವನ್ನೂ ಹೇಳಿ ಚಾವಿ ಇಟ್ಟು ಬಂದ. ಆ ವರ್ಷ ಚಳಿಗೆ ಮೊಣಕಾಲು ಕಿತ್ತು ತಿನ್ನುತ್ತಿತ್ತು. ಇಮಾಮಬಿ ಕಂಬಳಿ ತಂದು ಹೊದಿಸುತ್ತಿದ್ದಳು. ಅವಳು ಅತ್ತ ಹೋದೊಡನೆ ಅವನು ಅದನ್ನು ಮಡಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ನಡುಗುತ್ತ ಕೂರುತ್ತಿದ್ದ.