ಹಲಗೆ ಓದಿದ ಚಿಕ್ಕಮುನಿಯಮ್ಮ

ಹಸಿದವರಿಗೆ ನಿಧಾನವಾಗಿ ಅಗಿದು ತಿನ್ನುವುದನ್ನು ಕಲಿಸುತ್ತಿದ್ದ ಸಂಘವೊಂದರ ಮೇಷ್ಟ್ರು ನಾನು. ಅದಕ್ಕೆ ಸಂಬಳ ಬೇರೆ ತೆಗೆದುಕೊಂಡೆ. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯ.

ಯುದ್ಧದ ಕಾಲ, ನಲವತ್ತನಾಲ್ಕನೇ ಇಸವಿ. ಹಲಸೂರಿನಲ್ಲಿ ಜನಹಿತ ಬೋಧಕ ಸಂಘ ಎಂದೊಂದಿತ್ತು. ದೊಡ್ಡವರಿಗೆ ಅಕ್ಷರ ಕಲಿಸುವುದು, ಕಷ್ಟಕಾಲದಲ್ಲಿ ಮೈಮನಸ್ಸು ಕೆಡದಂತೆ ಬಾಳುವುದು ಹೇಗೆಂದು ಬೋಧಿಸುವುದು ಅದರ ಉದ್ದೇಶ. ಅದರ ಮೇಷ್ಟ್ರು ಅಂಜನಮೂರ್ತಿ ಎಂಬ ನಾನು, ಅಧ್ಯಕ್ಷರು ಮುನಿರಾಜಪ್ಪನವರು. ರೇಷನ್ ಅಂಗಡಿಯೂ ಅವರದೇ.

ಸಂಘದ ತರಗತಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ದಿನವಿಡೀ ಮೈಮುರಿದು ದುಡಿದವರು ಯಾಕೆ ಬರುತ್ತಾರೆ? ಆಗ ಅಧ್ಯಕ್ಷರಿಗೆ ಉಪಾಯ ಹೊಳೆಯಿತು. ರೇಷನ್ ಸಾಲಿನಲ್ಲಿ ನಿಂತವರು ಎಲ್ಲಿಗೂ ಹೋಗುವಂತಿಲ್ಲ, ಪಾಠ ಅಲ್ಲೇ ಆಗಲಿ ಎಂದರು. ಶನಿವಾರ ಬೆಳಿಗ್ಗೆ ಅಂಗಡಿ ಮುಂದಿನ ತಗಡಿನ ಚಪ್ಪರದಡಿ ಜನರನ್ನು ಕೂರಿಸಿ ಒಂದು ಗಂಟೆ ಪಾಠ, ಆಮೇಲೆ ಅಂಗಡಿ ತೆಗೆಯುವುದು. ಪಾಠಕ್ಕೆ ಕೂತವರಿಗೆ ಮೊದಲು ಅಳೆಯುತ್ತಿದ್ದರು. ಕೂರದೆ ನಿಂತವರಿಗೆ ಕಡೆಯಲ್ಲಿ ಸಿಗುತ್ತಿದ್ದುದು ಹುಳ ಹರಿದಾಡುವ ಮುಗ್ಗಲು ಅಕ್ಕಿ. ಚಪ್ಪರ ತುಂಬಿಹೋಯಿತು. ಜನಕ್ಕೆ ವಿದ್ಯೆಯ ಹಸಿವು ನೋಡಿ ಎಂದು ಮುನಿರಾಜಪ್ಪನವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಅಕ್ಷರದ ಪಾಠ ನನ್ನದು, ಹತ್ತು ನಿಮಿಷ. ಉಳಿದದ್ದೆಲ್ಲ ಅವರ ಭಾಷಣ. ತುಪ್ಪದ ದೋಸೆ ತಿಂದು, ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದರು. ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು, ಚಿಂತೆಯಿಂದ ರಕ್ತ ಕೆಡುತ್ತದೆ, ಮನಸ್ಸು ಶಾಂತವಾಗಿದ್ದರೆ ಅರೆಹೊಟ್ಟೆಯೂ ಸಾಕು ಎನ್ನುತ್ತಿದ್ದರು. ನಡುನಡುವೆ ತೇಗುತ್ತಿದ್ದರು. ಚಪ್ಪರದ ಕಂಬದ ಬುಡಕ್ಕೆ ಕೆಂಪಗೆ ಉಗಿದು ಬಂದು ಶುಚಿತ್ವದ ಮಾತು ಮುಂದುವರಿಸುತ್ತಿದ್ದರು. ಆದರೂ ಮೊದಲು ಚಪ್ಪಾಳೆ ತಟ್ಟುತ್ತಿದ್ದವನು ನಾನೇ.

ಮುಂದಿನ ಸಾಲಿನಲ್ಲಿ ಚಿಕ್ಕಮುನಿಯಮ್ಮ ಕೂರುತ್ತಿದ್ದಳು. ನಲವತ್ತು ದಾಟಿದ ವಿಧವೆ. ದೊಮ್ಮಲೂರು ಕೆರೆ ಏರಿಯಲ್ಲಿ ಹುಲ್ಲು ಕೊಯ್ದು, ಹಲಸೂರಿನ ಜಟಕಾ ಸ್ಟ್ಯಾಂಡಿಗೆ ಹೊತ್ತು ತಂದು ಮಾರುತ್ತಿದ್ದಳು. ಹೊರೆ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿತ್ತು. ಮಗಳು ಶಾಂತಕುಮಾರಿ ಬಾಣಂತಿ, ತಾಯಿಯ ಮನೆಯಲ್ಲೇ ಇದ್ದಳು. ಕೂಸಿಗೆ ಎದೆಹಾಲು ಸಾಲದು. ಬಾಣಂತಿಗೆ ಹೊಟ್ಟೆತುಂಬ ಇಟ್ಟರೆ ಹಾಲು ತಾನಾಗಿ ಬರುತ್ತದೆ ಎಂದು ಸೂಲಗಿತ್ತಿ ಹೇಳಿದ್ದಳಂತೆ. ಇಡುವುದೇನನ್ನು? ವಾರದ ಅಕ್ಕಿ ಐದನೇ ದಿನಕ್ಕೆ ಮುಗಿಯುತ್ತಿತ್ತು.

ಅಂಗಡಿಯ ಗೋಡೆಯ ಮೇಲೆ, ವಾರಕ್ಕೆ ತಲೆಗೆ ಎಷ್ಟು ಧಾನ್ಯ ಸಲ್ಲಬೇಕೆಂದು ಬರೆದ ಕಪ್ಪು ಹಲಗೆಯಿತ್ತು. ಸರ್ಕಾರದ ಕಾಯಿದೆ, ಹಾಗಾಗಿ ತೂಗುಹಾಕಿದ್ದರು.

“ಸ್ವಾಮಿ, ಆ ಹಲ್ಗೆ ಮೇಲೆ ಏನ್ ಬರ್ದೈತೆ? ಅದನ್ನೇ ಹೇಳ್ಕೊಡಿ,” ಎಂದಳು ಎರಡನೇ ಶನಿವಾರವೇ.

“ಅದೆಲ್ಲ ಆಮೇಲೆ ಬರುತ್ತಮ್ಮ. ಮೊದ್ಲು ಅಕ್ಷರ ಕಲಿ,” ಎಂದು ಜಾರಿಕೊಂಡೆ.

ಹಲಗೆಯಲ್ಲಿದ್ದುದು ತಲೆಗೆ ಒಂದು ಸೇರು ಅಕ್ಕಿ, ಒಂದು ಸೇರು ರಾಗಿ. ಸೇರಿಗೆ ನಾಲ್ಕು ಪಾವು ಬರಬೇಕು, ಎರಡರಲ್ಲೂ ಅಳೆಯುತ್ತಿದ್ದುದು ಮೂರೇ ಪಾವು. ಓದು ಬಲ್ಲವರ ಮನೆಗಳಿಗೆ ಮಾತ್ರ ಪೂರಾ ಅಳತೆ, ಹಿಂಬಾಗಿಲಿಂದ ಹೋಗುತ್ತಿತ್ತು. ಅದರಲ್ಲಿ ನಮ್ಮ ಮನೆಯೂ ಒಂದು.

ಅವಳು ನನ್ನ ‘ಆಮೇಲೆ’ಗೆ ಕಾಯಲಿಲ್ಲ. ಹುಲ್ಲು ಮಾರಿ ಹೋಗುವಾಗ ಮುಚ್ಚಿದ ಅಂಗಡಿಯ ಮುಂದೆ ನಿಂತು, ಹಲಗೆಯ ಒಂದೊಂದು ಅಕ್ಷರವನ್ನು ಬೆರಳಲ್ಲಿ ಅಂಗೈ ಮೇಲೆ ತಿದ್ದಿಕೊಳ್ಳುತ್ತಿದ್ದಳು. ಶನಿವಾರ ಅದನ್ನು ನನ್ನ ಮುಂದೆ ಮಣ್ಣಿನಲ್ಲಿ ಗೀಚಿ, “ಇದೇನು ಸ್ವಾಮಿ?” ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಎಲ್ಲಿಂದ ತಂದ ಅಕ್ಷರವೆಂದು ನನಗೆ ತಿಳಿಯದೆ ಇರಲಿಲ್ಲ.

ಮೂರನೆಯ ತಿಂಗಳಲ್ಲಿ ಒಂದು ಶನಿವಾರ, ಮನಶ್ಶಾಂತಿಯ ಭಾಷಣ ಅರ್ಧಕ್ಕೆ ಬಂದಿತ್ತು. ಚಿಕ್ಕಮುನಿಯಮ್ಮ ಎದ್ದು ನಿಂತು, ಹಲಗೆಯ ಕಡೆ ಕೈ ಚಾಚಿ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ತಲೆಗೆ ಒಂದು ಸೇರು ಅಕ್ಕಿ. ಒಂದು ಸೇರು ರಾಗಿ. ಒಂದೂ ತಪ್ಪಲಿಲ್ಲ. ಆರು ವರ್ಷ ಮೇಷ್ಟ್ರಾಗಿದ್ದ ನನಗೆ ಅಂಥ ಇನ್ನೊಬ್ಬ ವಿದ್ಯಾರ್ಥಿ ಸಿಕ್ಕಿರಲಿಲ್ಲ.

“ನಮ್ಗೆ ಮೂರೇ ಪಾವು ಅಳೀತೀರಲ್ಲ ಯಜಮಾನ್ರೇ. ಮಿಕ್ಕಿದ್ದು ಎಲ್ಲೋಯ್ತು?” ಎಂದು ಕೇಳಿದಳು.

ಚಪ್ಪರದಡಿ ಗುಜುಗುಜು ಎದ್ದಿತು. ಪಕ್ಕದಲ್ಲಿ ಕೂತಿದ್ದ ಶಂಶುನ್ನೀಸಾ ತನ್ನ ಚೀಲವನ್ನು ಎತ್ತಿ ಹಿಡಿದು, “ಹೌದು, ನಮ್ದೂ ಹಂಗೇ,” ಎಂದಳು.

ಮುನಿರಾಜಪ್ಪನವರು ಸಿಟ್ಟಾಗಲಿಲ್ಲ. ನಗುತ್ತ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಕಲ್ಸಿದವರು ನೀವು. ಆಯಮ್ಮ ಓದಿದ್ದು ಸರೀನಾ, ನೀವೇ ಹೇಳ್ರೀ.”

ಎಲ್ಲರೂ ನನ್ನ ಬಾಯನ್ನೇ ನೋಡಿದರು. ಅವಳೂ ನೋಡಿದಳು, ಪರೀಕ್ಷೆ ಬರೆದ ಮಕ್ಕಳು ನೋಡುವ ಹಾಗೆ. ನನಗೆ ನೆನಪಾದದ್ದು ನಮ್ಮ ಮನೆಯ ಅಕ್ಕಿ ಡಬ್ಬ.

“ಇನ್ನೂ ಕಲೀತಾ ಇದ್ದಾಳೆ,” ಎಂದೆ. “ಅದು ಒಂದು ಅಲ್ಲಮ್ಮ, ಮುಕ್ಕಾಲು ಅಂತ ಬರ್ದಿದೆ.”

ಅವಳು ಹಲಗೆಯ ಹತ್ತಿರ ಹೋದಳು. ಆ ಪದದ ಮೇಲೆ ಎರಡು ಸಲ ಬೆರಳಾಡಿಸಿದಳು. ಇಲ್ಲ ಎನ್ನುತ್ತಾಳೆಂದು ಹೆದರಿದೆ. ಎನ್ನಲಿ ಎಂದು ಆಸೆಯೂ ಆಯಿತು.

“ತಪ್ಪಾಯ್ತು ಯಜಮಾನ್ರೇ,” ಎಂದಳು. “ಮೇಷ್ಟ್ರು ಹೇಳಿದ್ಮೇಲೆ ಮುಗೀತು.” ಶಂಶುನ್ನೀಸಾ ಚೀಲ ಕೆಳಗಿಳಿಸಿದಳು. ಮುನಿರಾಜಪ್ಪನವರು ದೊಡ್ಡ ಮನಸ್ಸಿನವರಂತೆ ಕೈಯಾಡಿಸಿ, ಬಿಟ್ಟಲ್ಲಿಂದ ಭಾಷಣ ಶುರುಮಾಡಿದರು.

ಮುಂದಿನ ಶನಿವಾರ ಅವಳು ಚಪ್ಪರದಡಿ ಕೂರಲಿಲ್ಲ. ಬಿಸಿಲಲ್ಲಿ, ಕಡೆಯಲ್ಲಿ ಅಳೆಸಿಕೊಳ್ಳುವವರ ಜೊತೆ ನಿಂತಿದ್ದಳು. ಪಾಠ ಮುಗಿಸಿ ಅವಳ ಬಳಿ ಹೋದೆ. “ಬಾಣಂತಿ ಮನೆಗೆ ಆ ಮುಗ್ಗಲು ಅಕ್ಕಿ ಯಾಕಮ್ಮ? ಬಂದು ಕೂತ್ಕೋ,” ಎಂದೆ.

“ಬೇಡ ಸ್ವಾಮಿ. ಮೂರು ತಿಂಗ್ಳು ನಿಮ್ ಪ್ರಾಣ ತಿಂದೆ. ನನ್ ತಲೆಗೆ ಅಕ್ಷರ ಹತ್ತಾಕಿಲ್ಲ.”